ಬ್ಯಾನರಿನ ಬಲಮೂಲೆ

“ನಿನ್ ತಂಗಿ ಮದ್ವೆ ಆದ್ರೇನು, ನನ್ ಮದ್ವೆ ಆದ್ರೇನು ಕಣಮ್ಮಿ? ನನ್ ಮಿಷನ್ನಿಂದ ಈಚೆ ಬರೋ ಪ್ರತಿ ಡಿಸೈನ್‌ಗೂ ನನ್ ಕಮಿಷನ್ ಅದೆ. ಮಡಗು ಇಲ್ಲಿ.”

ರೇಣುಕಾಪ್ರಸಾದ್ ಮದುವೆ ಕಾರ್ಡಿನ ಕಟ್ಟಿನ ಮೇಲೆ ಮೊಣಕೈ ಊರಿಕೊಂಡು ಕೂತಿದ್ದ. ಕೆ.ಆರ್. ನಗರದ ಬಸ್‌ಸ್ಟ್ಯಾಂಡ್ ಪಕ್ಕದ ಅವನ ಪ್ರಿಂಟಿಂಗ್ ಅಂಗಡಿಯ ಮೆಟ್ಟಿಲ ಕೆಳಗೆ ಮೆಹನಾಜ್ ಬಿಸಿಲಲ್ಲಿ ನಿಂತಿದ್ದಳು. ಒಳಗೆ ಎರಡು ಖಾಲಿ ಕುರ್ಚಿಗಳಿದ್ದವು. ಕೂತ್ಕೋ ಅನ್ನುವ ಮಾತು ಆ ಬಾಯಿಂದ ಇವತ್ತಿನವರೆಗೂ ಬಂದಿರಲಿಲ್ಲ.

“ಪ್ರಿಂಟಿಂಗ್ ದುಡ್ಡು ಕೊಟ್ಟಿದ್ದೀನಲ್ಲಣ್ಣ. ಕಾರ್ಡ್ ಡಿಸೈನ್ ನಾನೇ ಮಾಡಿದ್ದು, ಮಹೆಕ್‌ಗೆ. ನನ್ ಸ್ವಂತ ತಂಗಿ ಕೆಲ್ಸಾನ ನಂಗೆ ಯಾರು ಕೊಡ್ಸಿದ್ರು? ನೀವಾ?”

“ಊಂ, ನಾನೇ. ಎಷ್ಟ್ ಇಸ್ಕೊಂಡೆ ತಂಗಿ ತಾವ?”

“ತಂಗಿ ತಾವ ಯಾರಾದ್ರೂ ದುಡ್ಡು ಇಸ್ಕೋತಾರಾ?”

“ಇಸ್ಕೊಳ್ದಿದ್ರೆ ನಿನ್ ಕರ್ಮ. ನಂದು ನಂಗೆ ಬರ್ಬೇಕು. ಲೀಡ್ರು ವೀರಭದ್ರಸ್ವಾಮಿ ಅಣ್ಣನ ಬರ್ತ್‌ಡೇ ಬ್ಯಾನರ್ ಮಾಡ್ತಿದ್ದೀಯಲ್ಲ, ಅದ್ರಲ್ ಮುರ್ಕೊತೀನಿ ಬುಡು.”

ಮೆಹನಾಜ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬಹಳ ದಿನದಿಂದ ಗಂಟಲಲ್ಲೇ ಇದ್ದ ಮಾತನ್ನು ಆಡಿಯೇಬಿಟ್ಟಳು. “ಅಂಗಾದ್ರೆ ಆ ಬ್ಯಾನರ್‌ನಾಗೆ ನನ್ ಹೆಸ್ರೂ ಆಕ್ತೀನಿ, ಅಣ್ಣ. ಮೂಲೇಲಿ, ಚಿಕ್ದಾಗಿ.”

ಅವನು ನಕ್ಕ ನಗುವಿಗೆ ಪಕ್ಕದ ಎಳನೀರಿನವನೂ ತಿರುಗಿ ನೋಡಿದ.

“ನಿನ್ ಹೆಸ್ರಾ? ನಾಳೆ ಗಣೇಶನ ಪೆಂಡಾಲ್ ಬ್ಯಾನರ್‌ಗೂ ಮೆಹನಾಜ್ ಮಾಡಿದ್ದು ಅಂತ ಬರ್ದು ನಾನ್ ಯಾವನ್ ತಾವ ಮಾರ್ಲಿ? ನಾನಿಲ್ದಿದ್ರೆ ನಿಮ್ ಬೀದಿಗೆ ನಾಯೀನೂ ಬರಾಕಿಲ್ಲ ಕಣೆ. ಓಗು, ಸಾಯಂಕಾಲ್ದೊಳ್ಗೆ ಫೈಲ್ ಕಳ್ಸು.”

ಕಾರ್ಡಿನ ಕಟ್ಟು ಮೆಟ್ಟಿಲ ಮೇಲೆ ಬಂದು ಬಿತ್ತು. ಮೆಹನಾಜ್ ಬಗ್ಗಿ ಎತ್ತಿಕೊಂಡಳು.

ಗಣೇಶ, ಚಾಮುಂಡಿ, ಉರುಸಿನ ಪೋಸ್ಟರು, ಬೀಗರೂಟ, ತಿಥಿ, ಟ್ಯೂಷನ್ ಸೆಂಟರು — ಊರಿನಲ್ಲಿ ನೇತಾಡುವುದರಲ್ಲಿ ಮುಕ್ಕಾಲು ಪಾಲು ಅವಳ ಕೈಯದ್ದೇ. ಗಿರಾಕಿ ಕೊಟ್ಟ ಡಿಸೈನ್ ದುಡ್ಡಲ್ಲಿ ಅರ್ಧ, ಕೆಲಸ ಕೊಡಿಸಿದ ಲೆಕ್ಕದಲ್ಲಿ ರೇಣುಕಾಪ್ರಸಾದನಿಗೆ. ಬಲಗಡೆಯ ಮೂಲೆಯಲ್ಲಿ ‘ರೇಣುಕಾ ಗ್ರಾಫಿಕ್ಸ್’ ಎಂದು ಅವನ ನಂಬರು. ಅದನ್ನು ಕೂರಿಸುವುದೂ ಇವಳೇ. ಡಿಸೈನ್ ಮಾಡಿದವರು ಯಾರು ಎಂದು ಯಾರಾದರೂ ಕೇಳಿದರೆ, “ನಾನೇ ಕಣ್ರೀ, ಇನ್ಯಾರು” ಅನ್ನುತ್ತಿದ್ದ ಆ ಪುಣ್ಯಾತ್ಮ. ಮೌಸ್ ಹಿಡಿಯಲೂ ಬಾರದವನು.

ಮನೆಯಲ್ಲಿ ಅಪ್ಪ ಅಹಮದ್ ಪಾಷಾ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಫ್ಲೆಕ್ಸ್ ಬರುವ ಮುಂಚೆ ಪೇಟೆಯ ಬೋರ್ಡುಗಳನ್ನೆಲ್ಲ ಬ್ರಷ್ಷಿನಲ್ಲಿ ಬರೆದವನು ಅವನು. ಬೋರ್ಡು ಯಾರದ್ದೇ ಇರಲಿ, ಮೂಲೆಯಲ್ಲಿ ‘ಪಾಷಾ ಆರ್ಟ್ಸ್’ ಎಂದು ಬರೆಯದೆ ಏಣಿಯಿಂದ ಇಳಿದವನಲ್ಲ.

“ಏನಂದ ಅವ್ನು?” ಎಂದು ಕೇಳಿದ.

“ತಂಗಿ ಕಾರ್ಡ್‌ಗೂ ಕಮಿಷನ್ ಕೊಡ್ಬೇಕಂತೆ.”

“ಬೋಳಿಮಗ,” ಎಂದ ಅಪ್ಪ. ಆಮೇಲೆ ಮೆಲ್ಲಗೆ, “ಮದ್ವೆ ಮುಗಿಯೋಗಂಟ ಸುಮ್ಕಿರು ಬೇಟಿ. ಅವ್ನ್ ಕೆಲ್ಸ ನಿಂತೋದ್ರೆ ಒಲೆ ಉರಿಯಾಕಿಲ್ಲ,” ಎಂದ.

ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಕಂಪ್ಯೂಟರ್ ಮುಂದೆ ಕೂತಳು. ಪರದೆಯ ನಡುವೆ ವೀರಭದ್ರಸ್ವಾಮಿ ಕೈ ಮುಗಿದು ನಗುತ್ತಿದ್ದ. ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. ಈ ಮುಖಗಳ ವಿಷಯದಲ್ಲಿ ಊರಿನಲ್ಲಿ ತಲೆಗಳೇ ಒಡೆದಿವೆ. ಯಾರು ಅಣ್ಣನ ಪಕ್ಕ, ಯಾರು ತುದಿಗೆ, ಯಾರ ತಲೆ ಯಾರಿಗಿಂತ ಒಂದು ಬೆರಳು ದೊಡ್ಡದು ಅನ್ನುವುದೇ ಇವರಿಗೆ ಜೀವ. ರೇಣುಕಾಪ್ರಸಾದ್ ಫೋನ್ ಮೇಲೆ ಫೋನ್ ಮಾಡಿದ. “ನನ್ ಮುಖ ಒಸಿ ದೊಡ್ದು ಮಾಡು. ಅಣ್ಣನ್ ಇಂದೆ ತಿರ್ಗೋ ಆ ಚಂದು ಮುಖ ನಂಗಿಂತ ಮ್ಯಾಲ್ ಬರ್ಬಾರ್ದು ಕಣಮ್ಮಿ.”

ಫೈಲ್ ಹೋದಾಗ ಅವನು ತನ್ನ ಮುಖವನ್ನಷ್ಟೇ ನೋಡುವುದು, ಬೇರೇನೂ ನೋಡುವುದಿಲ್ಲ. ಮೆಹನಾಜ್ ಅವನ ಮುಖವನ್ನು ಕೇಳಿದ್ದಕ್ಕಿಂತ ಹೆಚ್ಚೇ ದೊಡ್ಡದು ಮಾಡಿದಳು. ಬಲಮೂಲೆಯಿಂದ ‘ರೇಣುಕಾ ಗ್ರಾಫಿಕ್ಸ್’ ಅಳಿಸಿ, ‘ವಿನ್ಯಾಸ: ಮೆಹನಾಜ್, ಅಹಮದ್ ಪಾಷಾರ ಮಗಳು’ ಎಂದು ಬರೆದಳು. ಕೆಳಗೆ ತನ್ನ ನಂಬರು ಹಾಕಿದಳು. ಆಗಿದ್ದಾಗಲಿ ಎಂದು ಫೈಲ್ ಕಳಿಸಿಯೇಬಿಟ್ಟಳು.

“ಸೂಪರ್,” ಎಂದು ಉತ್ತರ ಬಂತು.

ಮಾರನೆಯ ದಿನ ಬೆಳಿಗ್ಗೆ ಮದುವೆಗೆ ಕರೆಯಲು ಹೊರಟವಳು ಬಸ್‌ಸ್ಟ್ಯಾಂಡ್ ಸರ್ಕಲ್ಲಿಗೆ ಬಂದಾಗ ಬ್ಯಾನರು ಮೇಲೇರಿತ್ತು. ಅದರಡಿ ರೇಣುಕಾಪ್ರಸಾದ್ ಬೆವರು ಸುರಿಸುತ್ತ ಏಣಿ ಹತ್ತುತ್ತಿದ್ದ. ಕೈಯಲ್ಲಿ ಬ್ಲೇಡಿತ್ತು.

“ಏಯ್! ಇಳ್ಯೋ ಬೋಸುಡಿಮಗ್ನೆ!” ವೀರಭದ್ರಸ್ವಾಮಿಯ ಬಲಗೈ ಬಂಟ ಚಂದು ಓಡಿಬಂದು ಏಣಿ ಅಲುಗಿಸಿದ. “ನಮ್ಮಣ್ಣನ ಬರ್ತ್‌ಡೇ ದಿನ ನಮ್ಮಣ್ಣನ ಬ್ಯಾನರ್‌ಗೆ ಬ್ಲೇಡ್ ಆಕ್ತೀಯೇನ್ಲಾ?”

“ಅಣ್ಣಂಗಲ್ಲ ಕಣ್ಲಾ, ಮೂಲೆ ನೋಡು! ಸಾಬ್ರುಡ್ಗಿ ಹೆಸ್ರು ಆಕ್ಬುಟ್ಟವ್ಳೆ!”

“ಯಾವ್ ಹೆಸ್ರಾದ್ರೂ ಇರ್ಲಿ. ಅಣ್ಣನ ಬ್ಯಾನರ್ ಕುಯ್ಯಾಕೆ ನೀನ್ಯಾವನ್ಲಾ? ಒಂದ್ ದಾರ ಅರಿದ್ರೂ ನಿನ್ ಕೈ ಅರಿತೀನಿ. ನಿನ್ ಮಕ ನೋಡು, ನನ್ ಮಕಕ್ಕಿಂತ ಇಷ್ಟ್ ದಪ್ಪ! ಅದ್ನೂ ಆಮ್ಯಾಕ್ ಇಚಾರಿಸ್ಕೊತೀನಿ.”

ರೇಣುಕಾಪ್ರಸಾದ್ ಇಳಿದ. ಸುತ್ತ ಸೇರಿದವರು ತಲೆಯೆತ್ತಿ, ಅವನು ಕತ್ತರಿಸಲು ಹೊರಟಿದ್ದು ಏನೆಂದು ಮೂಲೆಯನ್ನು ಓದತೊಡಗಿದರು. ಹಳೆಯ ಅಂಗಡಿಯವನೊಬ್ಬ, “ಓ, ನಮ್ ಪಾಷಣ್ಣನ ಮಗ್ಳು!” ಎಂದ.

ಮೆಹನಾಜ್‌ಳ ಫೋನು ಬಡಿದುಕೊಂಡಿತು. ರಸ್ತೆಯ ಆಚೆ ಬದಿಯಲ್ಲಿ ರೇಣುಕಾಪ್ರಸಾದ್ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ.

“ಲೇ ಸೂಳೆ! ಇವತ್ತಿಂದ ನಿಂಗೆ ಒಂದ್ ಕೆಲ್ಸಾನೂ ಕೊಡಾಕಿಲ್ಲ! ಈ ಊರಲ್ ಎಂಗ್ ಬದುಕ್ತೀಯ ನೋಡ್ತೀನಿ!”

ಮೆಹನಾಜ್ ತಲೆಯೆತ್ತಿ ಬ್ಯಾನರಿನ ಮೂಲೆಯನ್ನು ಒಮ್ಮೆ ನೋಡಿದಳು.

“ನೋಡಣ್ಣ, ಅಲ್ಲೇ ನಿಂತ್ಕೊಂಡ್ ನೋಡು. ನಿಂಗೇನಾದ್ರೂ ಬ್ಯಾನರ್ ಬೇಕಾದ್ರೆ ನಂಬರ್ ಮ್ಯಾಲದೆ, ಸೀದಾ ನನ್ ತಾವ್ಕೇ ಬಾ. ನಡುವೆ ಯಾರ್ನೂ ಕಳುಸ್ಬೇಡ. ಅವ್ರಿಗೆ ಕಮಿಷನ್ ಕೊಡ್ಬೇಕಾಯ್ತದೆ.”

ಫೋನಿಟ್ಟು, ಕಾರ್ಡಿನ ಕಟ್ಟನ್ನು ಎದೆಗವಚಿಕೊಂಡು ಅವಳು ರಸ್ತೆ ದಾಟಿದಳು. ಮೊದಲ ಕಾರ್ಡಿನ ಮೇಲೆ ರೇಣುಕಾಪ್ರಸಾದ್ ಎಂದು ಬರೆದು, ಎಲ್ಲರೆದುರು ಅವನ ಕೈಗೇ ಕೊಟ್ಟಳು.

“ಮದ್ವೇಗ್ ಬಾ ಅಣ್ಣ. ಅಲ್ಲಿ ಕುರ್ಚಿ ಆಕ್ಸಿರ್ತೀವಿ.”