ಸಭೆಗೆ ಕೊಟ್ಟ ಉತ್ತರ

ಅಮೆರಿಕದ ಪ್ಲೇನ್ಸ್‌ಬರೋದ ಕನ್ನಡ ಶಾಲೆಯಲ್ಲಿ ಭಾನುವಾರ ಬೆಳಿಗ್ಗೆ ಮೊದಲು ಪ್ರಾರ್ಥನೆ, ಆಮೇಲೆ ಅಕ್ಷರ. ಎರಡನ್ನೂ ಹೇಳಿಕೊಡುತ್ತಿದ್ದವರು ಗದಗಿನ ಕಡೆಯ ಮೆಹರುನ್ನಿಸಾ ನದಾಫ್. ಮುಸಲ್ಮಾನ ಹೆಂಗಸು ನಮ್ಮ ಮಕ್ಕಳಿಗೆ ಪ್ರಾರ್ಥನೆ ಹೇಳಿಸುವುದು ಬೇಡವೆಂದು ಕೆಲವು ಮನೆಯವರು ತಕರಾರು ತೆಗೆದರು. ಏಳು ಜನರ ಸಮಿತಿ ಕೂತು ಚರ್ಚಿಸಿ, ಅವರೇ ಮುಂದುವರಿಯಲಿ ಎಂದು ತೀರ್ಮಾನಿಸಿತು. ಅಧ್ಯಕ್ಷ ಈಶಣ್ಣನವರಿಗೆ ಅದು ಹಿಡಿಸಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಶಾಲೆ ಶುರು ಮಾಡಿದವರೇ ಅವರು. ಅಂದಿನಿಂದ ಅಧ್ಯಕ್ಷರೂ ಅವರೇ. ಒಂದು ಇಮೇಲ್ ಕಳಿಸಿ ಸಮಿತಿಯನ್ನು ವಿಸರ್ಜಿಸಿದರು. ಮೆಹರುನ್ನಿಸಾ ಇನ್ನು ಬರಬೇಕಾಗಿಲ್ಲ ಎಂದೂ ಅದರಲ್ಲೇ ಬರೆದರು.

ಅವರ ಹೆಂಡತಿ ಶೈಲಮ್ಮ ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ಆ ವಾರ ಇಂಗ್ಲೆಂಡಿನ ದೊರೆ ಮೊದಲನೇ ಚಾರ್ಲ್ಸನ ಪಾಠವಿತ್ತು. ಧರ್ಮಕ್ಕೂ ತೆರಿಗೆಗೂ ಜಗಳವಾಗಿ ಪಾರ್ಲಿಮೆಂಟನ್ನು ವಿಸರ್ಜಿಸಿದ್ದು, ಹನ್ನೊಂದು ವರ್ಷ ಒಬ್ಬನೇ ಆಳಿದ್ದು, ಸ್ಕಾಟ್ಲೆಂಡಿನವರ ಮೇಲೆ ತನ್ನ ಪ್ರಾರ್ಥನಾ ಪುಸ್ತಕ ಹೇರಲು ಹೋಗಿದ್ದು, ಕೊನೆಗೆ ಯುದ್ಧ. ಅರಸನ ಮನೆಯವರು ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲವೇ ಎಂದು ನಂದಿತಾ ಎಂಬ ಹುಡುಗಿ ಕೇಳಿದಳು. ಶೈಲಮ್ಮ ಏನೋ ಉತ್ತರ ಹೇಳಿದರು. ಮನೆಗೆ ಬಂದರೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

"ಮಾತು ಕೇಳಂಗಿಲ್ಲ ಅಂದ್ರ ಸಮಿತಿ ಯಾಕ ಮಾಡಿದ್ರಿ?" ಎಂದು ಊಟಕ್ಕೆ ಕೂತಾಗ ಗಂಡನನ್ನು ಕೇಳಿಯೇಬಿಟ್ಟರು.

"ಸಾಲಿ ಕಟ್ಟಿದಾಂವ ನಾ. ಅದು ಒಡೀದಂಗ ನೋಡೋದೂ ನನ್ನ ಕೆಲಸ," ಎಂದರು ಈಶಣ್ಣ. "ಇವತ್ತ ನಾಕು ಮನಿಯವರು ಬಿಟ್ರ, ನಾಳೆ ಇಪ್ಪತ್ತು ಮನಿಯವರು ಬಿಡ್ತಾರ."

ಆ ಭಯ ಸುಳ್ಳಲ್ಲವೆಂದು ಶೈಲಮ್ಮನಿಗೂ ಗೊತ್ತಿತ್ತು. ಆದರೂ ಮರುದಿನ ಕನ್ನಡ ಶಾಲೆಯ ನಿಯಮಾವಳಿ ತೆಗೆದು ನೋಡಿದರು. ಇಪ್ಪತ್ತು ಸದಸ್ಯರು ಸಹಿ ಹಾಕಿ ಕೇಳಿದರೆ ಅಧ್ಯಕ್ಷರು ಸರ್ವಸದಸ್ಯರ ಸಭೆ ಕರೆಯಲೇಬೇಕಿತ್ತು. ಮೊದಲ ಸಹಿ ತಾವೇ ಹಾಕಿದರು. ಅದನ್ನು ಕಂಡ ಈಶಣ್ಣ ನಾಲ್ಕು ದಿನ ಅವರೊಂದಿಗೆ ಮಾತಾಡಲಿಲ್ಲ. ಆದರೆ ಇಪ್ಪತ್ತು ಸಹಿ ಆದ ಮೇಲೆ ಸಭೆ ಕರೆದರು.

ತಕರಾರು ತೆಗೆದವರ ಪರವಾಗಿ ಮಹೇಶ್ ಎದ್ದು ನಿಂತರು. ಟೀಚರ್ ಮೇಲೆ ತಮಗೆ ದ್ವೇಷವಿಲ್ಲ, ದೇವರ ವಿಷಯ ಮಾತ್ರ ತಮ್ಮ ನಂಬಿಕೆಯವರೇ ಮಕ್ಕಳಿಗೆ ಹೇಳಲಿ ಎಂಬ ಆಸೆ ಎಂದರು. ಮೆಹರುನ್ನಿಸಾ ತಲೆ ತಗ್ಗಿಸಲಿಲ್ಲ.

"ಪ್ರಾರ್ಥನೆ ಯಾರ ಬೇಕಾದ್ರೂ ಹೇಳಸ್ರಿ. ಆದರ ಕನ್ನಡ ನಂದೂ ಐತಿ. ಕಲಸಬ್ಯಾಡ ಅಂದ್ರ ನಾ ಒಪ್ಪಂಗಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಶೈಲಮ್ಮ ಎದ್ದರು. ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಅವರ ಹುದ್ದೆಯ ಹೆಸರಿನಿಂದ ಕರೆದರು.

"ಅಧ್ಯಕ್ಷರೇ, ಸಮಿತಿಯನ್ನ ವಿಸರ್ಜಿಸೋ ಅಧಿಕಾರ ನಿಮಗೆ ಯಾರು ಕೊಟ್ಟರು?"

ಉತ್ತರ ಕೊಡಬೇಕಾಗಿಲ್ಲ, ಸಭೆ ಮುಗಿಸಿಬಿಡಿ ಎಂದು ಪಕ್ಕದಲ್ಲಿದ್ದವರು ಈಶಣ್ಣನವರ ಕಿವಿಯಲ್ಲಿ ಹೇಳಿದರು. ಹಾಗೆ ಎದ್ದು ಹೋಗಿದ್ದರೆ ಶಾಲೆ ಅಂದೇ ಎರಡಾಗುತ್ತಿತ್ತು. ಈಶಣ್ಣ ಹೆಂಡತಿಯ ಕಡೆ ತಿರುಗಿದರು. ಆಮೇಲೆ ಮೈಕ್ ಹಿಡಿದು ನಿಂತರು.

"ಯಾರೂ ಕೊಟ್ಟಿಲ್ಲ. ನಾನೇ ತಗೊಂಡೆ. ತಪ್ಪಾತು."

ಅವರೇ ಮತಕ್ಕೆ ಹಾಕಿದರು. ಸಮಿತಿಯ ತೀರ್ಮಾನದ ಪರವಾಗಿ ನಲವತ್ತೊಂದು ಕೈ, ವಿರುದ್ಧ ಹದಿನೇಳು. ತಮ್ಮ ವಿರುದ್ಧ ಬಂದ ಫಲಿತಾಂಶವನ್ನು ತಾವೇ ಓದಿ ಹೇಳಿದರು. ಮೆಹರುನ್ನಿಸಾರ ಕ್ಷಮೆ ಕೇಳಿದರು. ಹೊಸ ಅಧ್ಯಕ್ಷರ ಆಯ್ಕೆಯೂ ಇವತ್ತೇ ಆಗಲಿ, ತಮ್ಮ ಹೆಸರು ಬೇಡ ಎಂದು ವೇದಿಕೆಯಿಂದ ಇಳಿದರು. ಮೊದಲು ಚಪ್ಪಾಳೆ ತಟ್ಟಿದವರು ಮಹೇಶ್.

ಶೈಲಮ್ಮನ ಕಣ್ಣು ತುಂಬಿ ಬಂತು. ಗಂಡ ಶಾಲೆ ಕಟ್ಟಿದ ದಿನವೂ ಅವರಿಗೆ ಇಷ್ಟು ಹೆಮ್ಮೆ ಅನ್ನಿಸಿರಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗನ್ನು ತೆಗೆದು ನೆಲದ ಮೇಲಿಟ್ಟು, ಗಂಡನಿಗೆ ಜಾಗ ಮಾಡಿಕೊಟ್ಟರು.