ಹೇಗಿದ್ದೀರೋ ಹಾಗೇ ಬನ್ನಿ

“ಏಯ್, ಮೀನಿನ ಬುಟ್ಟಿ ಎಲ್ಲಿಗೆ ತಂದ್ಯೇ? ಥೂ, ನಾತ! ಹೊರಗಿಡು!”

ಹೊನ್ನಾವರದ ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಜವಾನ ಲಿಂಗಪ್ಪ ಗಣಪಿಯನ್ನು ತಡೆದ. ಹೊಳೆಯಾಚೆಯ ಕಾಸರಕೋಡದಲ್ಲಿ ಮೀನು ಒಣಗಿಸುವ ಗಣಪಿ ಬುಟ್ಟಿಯನ್ನು ಸೊಂಟಕ್ಕೆ ಇನ್ನಷ್ಟು ಒತ್ತಿಕೊಂಡಳು.

“ಹೀಂಗೇ ಬಾ ಅಂದೋರು ಅವ್ರೇ ಮಾರಾಯಾ. ಬೇಕಾರೆ ಕೇಳ್ಕ ಬಾ.”

ಅಂದಿದ್ದು ನಿಜ. ಹೋದ ತಿಂಗಳು ಮುಖಕ್ಕೆ ಹಚ್ಚುವ ಕ್ರೀಮಿನ ಕಂಪನಿಯವರು ಕಾಲೇಜಿನ ಹುಡುಗಿಯರಲ್ಲಿ ಆತ್ಮವಿಶ್ವಾಸ ತುಂಬಲು ಬಂದು, ನಿಮ್ಮ ಆದರ್ಶ ಮಹಿಳೆ ಯಾರು ಎಂದು ಕೇಳಿದ್ದರು. ಮೀನಿನ ವಾಸನೆ ತಾಗೀತೆಂದು ಚೂಡಿದಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದ ಗಣಪಿಯ ಮಗಳು ಪವಿತ್ರಾ, ಎದ್ದು ನಿಂತು “ನನ್ನ ಅಮ್ಮ” ಎಂದಿದ್ದಳು. ಕಂಪನಿಯ ಶ್ರೀಗೌರಿ ಮೇಡಂ ಕಾಸರಕೋಡಕ್ಕೇ ಬಂದು ಫೋಟೋ ತೆಗೆಸಿ, ಗಣಪಿಯ ಕೈ ಹಿಡಿದು, “ಬ್ಯಾನರಿನಲ್ಲಿ ನೀವೇ ಇರ್ತೀರಿ. ಕಾರ್ಯಕ್ರಮಕ್ಕೂ ಹೇಗಿದ್ದೀರೋ ಹಾಗೇ ಬನ್ನಿ” ಎಂದಿದ್ದರು. ಬೆಳಿಗ್ಗೆ ತೆಗೆದಿಟ್ಟ ಒಳ್ಳೆಯ ಸೀರೆಯನ್ನು ಗಣಪಿ ಮತ್ತೆ ಪೆಟ್ಟಿಗೆಗೆ ಹಾಕಿದ್ದು ಅದಕ್ಕೇ.

ಈಗ ಅದೇ ಶ್ರೀಗೌರಿ ಓಡಿ ಬಂದರು. ಮೂಗಿಗೆ ಕರವಸ್ತ್ರ.

“ಅಯ್ಯೋ, ನಿಜವಾದ ಮೀನೇ ತಂದ್ರಾ? ಹಿಂದೆ ಕೂತ್ಕೊಳ್ಳಿ ಅಮ್ಮಾ, ಮುಂದೆ ಕ್ಯಾಮೆರಾ ಇದೆ.”

ವೇದಿಕೆಯ ಪರದೆ ಸರಿಯಿತು. ಆಳೆತ್ತರದ ಫ್ಲೆಕ್ಸಿನಲ್ಲಿ ಯಾರೋ ಬೆಳ್ಳಗಿನ ಹೆಂಗಸು ತಲೆಯ ಮೇಲೆ ಹೊಸ ಬುಟ್ಟಿ ಹೊತ್ತು ನಗುತ್ತಿದ್ದಳು. ಕೆಳಗೆ ಪವಿತ್ರಾಳ ಮಾತು: ‘ನನ್ನ ಅಮ್ಮನೇ ನನ್ನ ಆದರ್ಶ.’

“ಅದ್ಯಾವ ರಂಡೆಯೇ ನಿನ್ನ ಅಮ್ಮ?”

ಹಿಂದಿನಿಂದ ಬಂದ ಗಣಪಿಯ ದನಿಗೆ ಸಭೆಯೇ ತಿರುಗಿತು. ಹುಡುಗಿಯರು ಕಿಸಕ್ಕನೆ ನಕ್ಕರು. ಮುಂದಿನ ಸಾಲಿನಲ್ಲಿದ್ದ ಪವಿತ್ರಾ ತಲೆ ಎತ್ತಲಿಲ್ಲ.

ಗಣಪಿ ಅವಳ ಹತ್ತಿರ ಹೋಗಿ ನಿಂತಳು. “ನಿಂಗೆ ಗೊತ್ತಿತ್ತಾ?”

“ನಿನ್ನೆ ತೋರ್ಸಿದ್ರು. ಚಂದ ಉಂಟಾ ಕೇಳಿದ್ರು.”

“ನೀ ಎಂತ ಹೇಳ್ದೆ?”

ಪವಿತ್ರಾ ವೇಲಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

“ಆತು.”

ಗಣಪಿ ವೇದಿಕೆ ಹತ್ತಿ ಫ್ಲೆಕ್ಸಿನ ಹಗ್ಗ ಬಿಚ್ಚಿದಳು.

“ಏಯ್, ಅದು ಕಂಪನಿಯದು!” ಶ್ರೀಗೌರಿ ಕೂಗಿದರು.

“ಒಳ್ಳೆ ದಪ್ಪ ಅದೆ. ಮೀನು ಹರಗೂಕೆ ಆತದೆ.”

ಇಲೆಕ್ಷನ್ನಿನ, ಮದುವೆಯ ಹಳೆ ಫ್ಲೆಕ್ಸುಗಳ ಮೇಲೆ ಮೀನು ಹರಡುವುದು ಕಾಸರಕೋಡದಲ್ಲಿ ದಿನನಿತ್ಯದ ಕೆಲಸ. ಗಣಪಿ ಬ್ಯಾನರನ್ನು ನೆಲಕ್ಕೆ ಹಾಸಿ, ಕುಕ್ಕರುಗಾಲಿನಲ್ಲಿ ಕೂತು, ಅರೆ ಒಣಗಿದ ತಾರ್ಲೆ ಮೀನನ್ನು ಆ ಬೆಳ್ಳಗಿನ ಮುಖದಿಂದಲೇ ಶುರುಮಾಡಿ ಒಂದೊಂದಾಗಿ ಸಾಲಿಟ್ಟಳು. ಕಣ್ಣು ಮುಚ್ಚಿತು, ನಗು ಮುಚ್ಚಿತು. ಅಕ್ಷರದ ಸಾಲು ಮಾತ್ರ ಉಳಿಯಿತು.

ಅಲ್ಲಿ ಅವಳ ಕೈ ನಿಂತಿತು. ಬುಟ್ಟಿಯಲ್ಲಿದ್ದ ಕೊನೆಯ ಹಿಡಿ ಮೀನನ್ನು ಎತ್ತಿ ಮಗಳತ್ತ ಚಾಚಿದಳು.

“ಇದು ನಿನ್ನ ಮಾತು. ಮುಚ್ಚೂದಾ, ಬಿಡೂದಾ, ಬಂದು ನೀನೇ ಮಾಡು.”

ಪವಿತ್ರಾ ಎದ್ದು ವೇದಿಕೆಯತ್ತ ಬಂದಳು. ಅವಳ ವೇಲು ಮೂಗಿನ ಮೇಲಿತ್ತು.