ನೂರ ಎಂಬತ್ತೆರಡನೇ ಪುಟದ ನಂತರ

೧
ಇದನ್ನು ಎಲ್ಲಿಂದ ಶುರು ಮಾಡಲಿ? ನನ್ನ ಪುಕ್ಕಲುತನದಿಂದಲೇ ಆಗಲಿ, ಡೈರಿಯಲ್ಲಿ ಹೇಗೂ ಅದೇ ತುಂಬಿದೆ. ಕೇರಳದ ಪಯ್ಯನ್ನೂರಿನ ನಮ್ಮ ವಾಚನಾಲಯದಲ್ಲಿ ಹೆಂಗಸರ ಪುಸ್ತಕಕೂಟ ಇದೆ. ತಿಂಗಳ ಪುಸ್ತಕದ ಒಂದೇ ಪ್ರತಿ ಐದು ಮನೆ ಸುತ್ತಿ ಕೊನೆಗೆ ನನ್ನ ಕೈಗೆ ಬಂತು. ನೂರ ಎಂಬತ್ತೆರಡನೇ ಪುಟದಲ್ಲಿ ನಾಯಕಿ ಮನೆ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಆಮೇಲೆ ಬರೀ ರಟ್ಟು. ಪುಟಗಳು ನನ್ನಿಂದಲೇ ಉದುರಿದವೇನೋ ಎಂದು ಮಂಚದ ಕೆಳಗೆಲ್ಲ ಹುಡುಕಿದೆ. ಸಿಗಲಿಲ್ಲ. ಕೂಟದಲ್ಲಿ ಓದಬೇಕಾದ ಟಿಪ್ಪಣಿಯಲ್ಲಿ ಬರೆದೆ: ‘ಅಂತ್ಯ ಮನಮುಟ್ಟುತ್ತದೆ.’

೨ (ಹರಿದು ಹಾಕಿದ ಕರಡು)
‘ಪುಸ್ತಕಕೂಟದಿಂದ ಮಹಿಳೆಯರ ಬಾಳಿನಲ್ಲಿ ಅರಿವಿನ ಬೆಳಕು...’
ಥೂ. ವಾಚನಾಲಯದ ವಾರ್ಷಿಕ ಸಂಚಿಕೆಗೆ ಕಾರ್ಯದರ್ಶಿ ಚಾತುಕುಟ್ಟಿ ಮಾಶ್, ನಮ್ಮೂರ ಮೇಷ್ಟ್ರು, ಕೇಳಿದ್ದು ಇಂಥದ್ದನ್ನೇ. ಬೀಡಿ ಸುತ್ತುವ ಯಶೋದ ಚೇಚಿ, ಕೂಟದ ನಮ್ಮೆಲ್ಲರ ಅಕ್ಕ, ಕಥೆಯೊಳಗಿಂದಲೇ ತಕರಾರು ತೆಗೆದರು: “ನನ್ನನ್ನ ಕತ್ತಲೆಯಲ್ಲಿ ಕೂರಿಸಬೇಡ ಮೋಳೇ. ಭಾನುವಾರ ಎರಡು ಗಂಟೆ ನಾನು ಹೇಳಿದ್ದನ್ನ ಯಾರಾದ್ರೂ ಪೂರ್ತಿ ಕೇಳ್ತಾರೆ, ಅದಕ್ಕೆ ಬರ್ತೀನಿ. ಅಷ್ಟು ಬರಿ, ಸಾಕು.”
ಬರೆದಿದ್ದೇನೆ. ಇನ್ನಾದರೂ ಸುಮ್ಮನಿರಿ ಚೇಚಿ, ಕಥೆ ಮುಂದೆ ಹೋಗಬೇಕು.

೩
ಭಾನುವಾರ ಒಬ್ಬೊಬ್ಬರಾಗಿ ಟಿಪ್ಪಣಿ ಓದಿದರು. ಕಾರ್ತ್ಯಾಯನಿ ಟೀಚರ್ ಪ್ರಕಾರ ನಾಯಕಿ ಮಕ್ಕಳಿಗಾಗಿ ಮನೆಗೆ ಮರಳಿದಳು. ಇನ್ನೊಬ್ಬರು ಅವಳನ್ನು ಸಾಯಿಸಿಯೇಬಿಟ್ಟರು. ಯಶೋದ ಚೇಚಿ ಮಾತ್ರ ಅವಳನ್ನು ಮೊದಲ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಬಿಸಿ ಪರಿಪ್ಪುವಡೆ ತಿನ್ನಿಸಿದರು. ಅಂದರೆ ಆ ಪುಟಗಳು ಯಾರ ಕೈಗೂ ಸಿಕ್ಕಿರಲೇ ಇಲ್ಲ; ಆದರೂ ಯಾರ ಮುಖದಲ್ಲೂ ಒಂದಿಷ್ಟೂ ಅಳುಕಿಲ್ಲ. (ಓದುಗರೇ, ನನಗೆ ಬಂದ ಸಿಟ್ಟಿಗೆ ಕಥೆಯನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗಬೇಕಿತ್ತು.)

೪
ಮಾಶ್ ಕನ್ನಡಕ ಒರೆಸಿಕೊಂಡು, ಟೀಚರ್ ಬರೆದದ್ದೇ ಸರಿ, ಕೊನೆಯ ಅಧ್ಯಾಯ ಓದುವಾಗ ತಾವೂ ಅತ್ತಿದ್ದಾಗಿ ಹೇಳಿದರು. ಆಮೇಲೆ ಯಶೋದ ಚೇಚಿಯ ಕಡೆ ತಿರುಗಿ, ನೆಟ್ಟಗೆ ಓದದವರು ಕೂಟಕ್ಕೆ ಯಾಕೆ ಬರಬೇಕು ಎಂದರು.
ಚೇಚಿ ತಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿದರು. “ಇನ್ಮೇಲೆ ಬರಲ್ಲ ಮಾಶೇ.”

೫
ಮುಕ್ತಾಯ ಅ: ನಾನು ಸುಮ್ಮನಿದ್ದೆ. (ಕೂಟಕ್ಕೆ ಸೇರಿದಾಗಿನಿಂದ ಎಂಟು ತಿಂಗಳ ಅಭ್ಯಾಸ.)
ಮುಕ್ತಾಯ ಆ: ಮಾಶ್ ತಪ್ಪಾಯಿತು ಎಂದರು. (ನಗಬೇಡಿ.)
ನಡೆದದ್ದು ಇವೆರಡೂ ಅಲ್ಲ. ಚೇಚಿ ಮತ್ತೆ ಬಂದರೇ ಎಂದು ಕೇಳಬೇಡಿ, ಬರೆಯುವುದಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ನಾನು ಎದ್ದು ನಿಂತೆ, ಅಷ್ಟೆ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಅನ್ನಿಸಿತು.
“ಮಾಶೇ, ಈ ಪುಸ್ತಕದಲ್ಲಿ ಕೊನೇ ಅಧ್ಯಾಯವೇ ಇಲ್ಲ. ನಾವ್ಯಾರೂ ಓದಿಲ್ಲ. ನೀವೂ ಓದಿಲ್ಲ.”